27 ದೇಶಗಳ ಸಂಸತ್ತು, ಆದರೆ ಅಲ್ಲಿನ ನೌಕರರು ಯಾರ ಮಾತು ಕೇಳಬೇಕು?

[ತೆರೆಯ ಮೇಲೆ: ಸ್ಟ್ರಾಸ್‌ಬರ್ಗ್‌ನ ಅರ್ಧವೃತ್ತಾಕಾರದ ಸಭಾಂಗಣ]

ನಮಸ್ಕಾರ. ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯುರೋಪಿಯನ್ ಒಕ್ಕೂಟದ ಸಂಸತ್ತಾದ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ 27 ದೇಶಗಳ ಸಂಸದರು ಕೂರುತ್ತಾರೆ, ಸರಿ. ಅಲ್ಲಿ ಕಡತ ನೋಡುವ, ಸಭೆ ನಡೆಸುವ ನೌಕರರು ಯಾವ ಸರ್ಕಾರದ ಮಾತು ಕೇಳಬೇಕು?

ಯಾವ ಸರ್ಕಾರದ್ದೂ ಅಲ್ಲ! ಅವರ ಸೇವಾ ನಿಯಮದ 11ನೇ ವಿಧಿ ಇದನ್ನೇ ಹೇಳುತ್ತದೆ: ಯಾವ ಸರ್ಕಾರದಿಂದಲೂ ಸೂಚನೆ ಕೇಳಬಾರದು, ಕೊಟ್ಟರೂ ತಗೋಬಾರದು. 27ನೇ ವಿಧಿಯ ಪ್ರಕಾರ ಯಾವ ಹುದ್ದೆಯನ್ನೂ ಇಂಥ ದೇಶದವರಿಗೇ ಅಂತ ಮೀಸಲಿಡುವ ಹಾಗಿಲ್ಲ. ಇಡೀ ವ್ಯವಸ್ಥೆ ನಿಂತಿರೋದೇ ಈ ಎರಡು ಮಾತಿನ ಮೇಲೆ ಅಂತ ನನಗನಿಸುತ್ತೆ.

ಈಗ ರಚನೆ, ಬೇಗ ಹೇಳಿಬಿಡ್ತೀನಿ. ಸಂಸದರು 720. ಪಾರ್ಲಿಮೆಂಟಿನ ಆಡಳಿತ ಕಚೇರಿ, ಅಂದರೆ ಸಚಿವಾಲಯದ ತುದಿಯಲ್ಲಿ ಸೆಕ್ರೆಟರಿ ಜನರಲ್. ಅವರನ್ನು ನೇಮಿಸೋದು ಬ್ಯೂರೋ, ಅಂದರೆ ಅಧ್ಯಕ್ಷರು ಮತ್ತು 14 ಉಪಾಧ್ಯಕ್ಷರ ಮಂಡಳಿ. 2009ರಿಂದ 2022ರ ಕೊನೆವರೆಗೆ ಜರ್ಮನಿಯ ಕ್ಲಾಸ್ ವೆಲ್ಲೆ ಇದ್ದರು, 2023ರ ಜನವರಿಯಿಂದ ಇಟಲಿಯ ಅಲೆಸ್ಸಾಂಡ್ರೋ ಕಿಯೊಕ್ಕೆಟ್ಟಿ. ಅವರ ಕೆಳಗೆ ಮಹಾನಿರ್ದೇಶನಾಲಯಗಳು: ಸಮಿತಿಗಳ ಕೆಲಸ, ಸಂಶೋಧನೆ, ಸಿಬ್ಬಂದಿ, ಹಣಕಾಸು, ಕಟ್ಟಡ, ಭದ್ರತೆ, ಹೀಗೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಭಾಷೆಯ ವಿಭಾಗ.

[ತೆರೆಯ ಮೇಲೆ: ಗಾಜಿನ ಹಿಂದೆ ಸಾಲಾಗಿ ದುಭಾಷಿಗಳ ಬೂತ್‌ಗಳು]

ಅಧಿಕೃತ ಭಾಷೆಗಳು 24. ಒಂದೊಂದರಿಂದ ಉಳಿದ 23ಕ್ಕೂ ಮಾತು ಹೋಗಬೇಕು ಅಂದರೆ 552 ಜೋಡಿ. ಇಷ್ಟಕ್ಕೂ ಜನ ಎಲ್ಲಿ ಸಿಗ್ತಾರೆ? ಎಸ್ಟೋನಿಯಾದ ಸಂಸದೆ ಮೀನುಗಾರಿಕೆ ಬಗ್ಗೆ ಮಾತಾಡ್ತಿದ್ದಾರೆ ಅಂದುಕೊಳ್ಳಿ. ಗ್ರೀಕ್ ಬೂತ್‌ನಲ್ಲಿ ಎಸ್ಟೋನಿಯನ್ ಬಲ್ಲವರು ಯಾರೂ ಇಲ್ಲ. ಪಕ್ಕದ ಇಂಗ್ಲಿಷ್ ಬೂತ್‌ನಲ್ಲಿ ಒಬ್ಬರಿದ್ದಾರೆ. ಅವರು ಇಂಗ್ಲಿಷಿಗೆ ತರ್ತಾರೆ, ಗ್ರೀಕ್ ದುಭಾಷಿ ತನ್ನ ಹೆಡ್‌ಫೋನನ್ನು ಇಂಗ್ಲಿಷ್ ಚಾನೆಲ್‌ಗೆ ತಿರುಗಿಸಿ, ಕೇಳ್ತಾ ಕೇಳ್ತಾನೇ ಗ್ರೀಕಿನಲ್ಲಿ ಹೇಳ್ತಾ ಹೋಗ್ತಾರೆ. ರಿಲೇ ಓಟದಲ್ಲಿ ಕೋಲು ಕೈ ಬದಲಾಯಿಸಿದ ಹಾಗೆ. ಅದಕ್ಕೇ ಈ ಪದ್ಧತಿಯನ್ನು ರಿಲೇ ಅಂತಲೇ ಕರೀತಾರೆ.

ದುಭಾಷಿ ಎಂದೂ "ಅವರು ಹೀಗೆ ಹೇಳಿದರು" ಅನ್ನೋದಿಲ್ಲ, ಸಂಸದೆ ಆಡಿದಂತೆಯೇ "ನಾನು" ಅಂತಾರೆ. ಸುಮಾರು ಅರ್ಧ ಗಂಟೆಗೆ ಮೈಕ್ ಪಕ್ಕದವರಿಗೆ ಹೋಗುತ್ತೆ, ಅದಕ್ಕಿಂತ ಜಾಸ್ತಿ ಹೊತ್ತು ತಲೆ ನಿಲ್ಲೋದಿಲ್ಲ. ಸರದಿ ಇಲ್ಲದವರೂ ಸುಮ್ಮನೆ ಕೂರಲ್ಲ. ಭಾಷಣದಲ್ಲಿ ಅಂಕಿ ಬಂದ ತಕ್ಷಣ ಚೀಟಿಯಲ್ಲಿ ಗೀಚಿ ಮೈಕ್ ಹಿಡಿದವರ ಮುಂದೆ ಸರಿಸ್ತಾರೆ. ಇನ್ನು ಒಂದೇ ನಿಮಿಷ ಸಿಕ್ಕ ಸಂಸದರು ಬರೆದು ತಂದ ಭಾಷಣವನ್ನು ಒಂದೇ ಉಸಿರಿಗೆ ಓದಿದರೆ ಬೂತ್‌ನಲ್ಲಿರೋರ ಪಾಡು ನೀವೇ ಯೋಚಿಸಿ. ಸಣ್ಣ ದೇಶದ ಸಂಸದೆಯೊಬ್ಬರು ತಾಯ್ನುಡಿಯಲ್ಲಿ ತಲೆಯೆತ್ತಿ ಮಾತಾಡೋಕೆ ಆಗ್ತಿರೋದು ಇವರಿಂದ. ಈ ಖರ್ಚು ದಂಡ ಅನ್ನುವವರ ವಾದವನ್ನು ನಾನು ಒಪ್ಪಲ್ಲ.

ಬರಹದ ಅನುವಾದದ ಕೆಲಸ ಲಕ್ಸೆಂಬರ್ಗ್‌ನಲ್ಲಿ. ಕಾನೂನಿನ 24 ಪಠ್ಯಗಳಿಗೂ ಒಂದೇ ಬೆಲೆ, ಹಾಗಾಗಿ ಕಾನೂನೂ ಭಾಷೆಯೂ ಬಲ್ಲ ಅಧಿಕಾರಿಗಳು ಅವನ್ನು ಜೋಡಿಸಿ ನೋಡ್ತಾರೆ.

ಲಕ್ಸೆಂಬರ್ಗ್ ಯಾಕೆ? 1952ರಲ್ಲಿ ಈ ಒಕ್ಕೂಟದ ಮೂಲರೂಪವಾದ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯ ಕೆಲಸ ಶುರುಮಾಡಿದ್ದು ಅಲ್ಲಿಂದ. ಒಪ್ಪಂದದ ಪ್ರಕಾರ ಸಚಿವಾಲಯ ಇವತ್ತಿಗೂ ಅಲ್ಲಿಯದೇ. ಸಮಿತಿಗಳು ಸೇರೋದು ಬ್ರಸೆಲ್ಸ್‌ನಲ್ಲಿ, ವರ್ಷಕ್ಕೆ 12 ಮುಖ್ಯ ಅಧಿವೇಶನ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ. ಈ ಊರೂರು ಓಡಾಟವನ್ನು ಮಾತ್ರ ನಾನು ಸಮರ್ಥಿಸಲಾರೆ. ಸ್ಟ್ರಾಸ್‌ಬರ್ಗ್ ಬಿಟ್ಟು ಬ್ರಸೆಲ್ಸ್‌ಗೆ ಬಂದರೆ ವರ್ಷಕ್ಕೆ 11.4 ಕೋಟಿ ಯೂರೋ ಉಳಿಯುತ್ತೆ ಅಂತ ಯುರೋಪಿನ ಲೆಕ್ಕಪರಿಶೋಧಕರೇ 2014ರಲ್ಲಿ ಹೇಳಿದ್ದರು. ಬದಲಾಯಿಸೋಕೆ ಎಲ್ಲ ದೇಶಗಳ ಒಪ್ಪಿಗೆ ಬೇಕು. ಫ್ರಾನ್ಸ್ ಒಪ್ಪುತ್ತಾ?

[ತೆರೆಯ ಮೇಲೆ: ಮೂರು ಬಣ್ಣದ ಗುಂಪುಗಳು]

ಸಮಯ ಕಮ್ಮಿ ಇದೆ, ಉಳಿದದ್ದು ಒಟ್ಟಿಗೆ. ಅಲ್ಲಿ ಕೆಲಸ ಮಾಡೋರು ಮೂರು ಬಗೆ. ಸಚಿವಾಲಯದವರು ಸ್ಪರ್ಧಾತ್ಮಕ ಪರೀಕ್ಷೆ ಬರೆದು ಬಂದವರು, ಪಕ್ಷ ನೋಡುವಂತಿಲ್ಲ. ರಾಜಕೀಯ ಗುಂಪುಗಳಿಗೆ ಅವುಗಳದೇ ಸಿಬ್ಬಂದಿ. ಗುಂಪು ಕಟ್ಟೋಕೆ ಕನಿಷ್ಠ 7 ದೇಶಗಳ 23 ಸಂಸದರು ಬೇಕು. ಮೂರನೆಯವರು ಸಂಸದರ ಸಹಾಯಕರು. ಆರಿಸೋದು ಸಂಸದರು, 2009ರಿಂದ ಕರಾರು ಮಾಡಿಕೊಳ್ಳೋದು ಪಾರ್ಲಿಮೆಂಟ್. ಆದರೆ ಆ ಸಂಸದರು ಚುನಾವಣೆಯಲ್ಲಿ ಸೋತರೆ ಸಹಾಯಕರ ಕರಾರೂ ಅಲ್ಲಿಗೇ ಮುಗಿಯುತ್ತೆ. ಸಮಿತಿಯ ಕಡತ ನೋಡುವ ಅಧಿಕಾರಿ ಮಾತ್ರ ಹೊಸ ಸಂಸದರಿಗೆ ಅದೇ ಕಡತ ವಿವರಿಸೋಕೆ ಅಲ್ಲೇ ಇರ್ತಾರೆ.