ಒಂದೂವರೆ ಕೋರ್ಸ್ ಬೇಡ

ಕೇಳುಗರಿಗೆ ನಮಸ್ಕಾರ.

ಒಂದು ಗಂಟೆಯ ಕ್ಲಾಸನ್ನು ರೆಕಾರ್ಡ್ ಮಾಡಿ ಅಪ್‌ಲೋಡ್ ಮಾಡಿದರೆ ಆನ್‌ಲೈನ್ ಕೋರ್ಸ್ ಆಯಿತು ಎಂದುಕೊಂಡವರು ಇನ್ನೂ ಇದ್ದಾರೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರು ಮಾಡಿದಾಗ ಮನೆಗಳಲ್ಲಿ ಇಂಟರ್‌ನೆಟ್ ಇರಲಿಲ್ಲ. ಅಂಚೆಯಲ್ಲಿ ಪುಸ್ತಕ, ಬಿಬಿಸಿಯಲ್ಲಿ ರೇಡಿಯೊ, ಟಿವಿ ಪಾಠ. ಹೌದು, ರೇಡಿಯೊ! ಆದರೂ ಎದುರಿಗಿಲ್ಲದ ವಿದ್ಯಾರ್ಥಿಗೆ ಪಾಠವನ್ನು ಹೊಸದಾಗಿಯೇ ಕಟ್ಟಬೇಕು ಅಂತ ಅವರಿಗೆ ಗೊತ್ತಿತ್ತು. ಒಬ್ಬ ಮೇಷ್ಟ್ರಲ್ಲ, ಒಂದು ತಂಡವೇ ಕೂತು ಕೋರ್ಸ್ ಬರೆಯುತ್ತಿತ್ತು.

2014ರಲ್ಲಿ ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕಲಿಕೆಯ ತಾಣದ ಕೋರ್ಸುಗಳ ಬಗ್ಗೆ ಒಂದು ಅಧ್ಯಯನ ಬಂತು. ವಿಡಿಯೊ ಎಷ್ಟೇ ಉದ್ದ ಇರಲಿ, ಜನ ಸಾಮಾನ್ಯವಾಗಿ ನೋಡಿದ್ದು ಹೆಚ್ಚೆಂದರೆ 6 ನಿಮಿಷ. ಹಾಗಂತ ಹಳೇ ಪಾಠವನ್ನು ಸುಮ್ನೆ ಹತ್ತು ತುಂಡು ಮಾಡಿದರೆ ಸಾಲದು. ವಿದ್ಯಾರ್ಥಿಯ ಕೈಗೆ ಕೆಲಸ ಕೊಡಬೇಕು.

ಸರಾಸರಿಯ ಪಾಠವನ್ನೇ ತಗೊಳ್ಳಿ. ವಿಡಿಯೊಗಿಂತ ಮೊದಲು ಒಂದು ಪ್ರಶ್ನೆ. ಐವರ ಅಂಕಗಳು 40, 40, 40, 40, 90. ಸರಾಸರಿ 50. ಅದಕ್ಕಿಂತ ಮೇಲಿರುವವರು ಎಷ್ಟು ಜನ? ಸುಮಾರು ಅರ್ಧ ಇರಬೇಕು ಅಂದುಕೊಂಡವರು ಎಣಿಸಿದರೆ, ಒಬ್ಬರೇ! ಯಾಕೆ ಹೀಗೆ ಅಂತ ಈಗ ಕೇಳಬೇಕು ಅನಿಸುತ್ತೆ, ಅಲ್ವಾ? ಆಗ 5 ನಿಮಿಷದ ವಿಡಿಯೊ. ಆಮೇಲೆ, ನಾಲ್ವರು ಸರಾಸರಿಗಿಂತ ಮೇಲೆ ಬರುವಂತೆ ಐದು ಅಂಕಗಳನ್ನು ವಿದ್ಯಾರ್ಥಿಯೇ ಆರಿಸಬೇಕು. ಎಲ್ಲರೂ ಎದುರಿಗೆ ಕೂರುವ ಕ್ಲಾಸ್ ಶುರುವಾಗುವುದು ಆ ಉತ್ತರಗಳಿಂದಲೇ. ಮೇಷ್ಟ್ರು ಬೋರ್ಡಿನ ಮೇಲೆ ಮತ್ತೆ ಅದೇ ಪಾಠ ಒಪ್ಪಿಸಿದರೆ, ಮುಂದಿನ ವಾರ ವಿಡಿಯೊ ಯಾರೂ ನೋಡುವುದಿಲ್ಲ.

ಹೀಗೆ ಆನ್‌ಲೈನ್ ಪಾಠ, ಎದುರಿನ ಕ್ಲಾಸ್ ಎರಡನ್ನೂ ಬೆರೆಸಿದ ಬ್ಲೆಂಡೆಡ್ ಕೋರ್ಸುಗಳು ಎಡವುವುದು ಗಂಟೆಗಳ ಲೆಕ್ಕದಲ್ಲಿ. ಹಳೇ ಕ್ಲಾಸುಗಳನ್ನು ಹಾಗೇ ಇಟ್ಟು ಮೇಲೆ ವಿಡಿಯೊ, ಕ್ವಿಜ್, ಚರ್ಚೆ ಹೇರಿದರೆ ಅದು ಒಂದೂವರೆ ಕೋರ್ಸ್. ವಿದ್ಯಾರ್ಥಿಗೂ ಸುಸ್ತು, ಮೇಷ್ಟ್ರಿಗೂ ಸುಸ್ತು. ವಾರಕ್ಕೆ ವಿದ್ಯಾರ್ಥಿಯ ಎಷ್ಟು ಗಂಟೆ ನಮ್ಮದು ಅಂತ ಮೊದಲು ಬರೆದಿಟ್ಟುಕೊಳ್ಳಿ. ಒಂದು ಸೇರಿಸಿದರೆ ಒಂದನ್ನು ತೆಗೆಯಿರಿ. ಆನ್‌ಲೈನ್ ಚರ್ಚೆಯಲ್ಲಿ ವಾರಕ್ಕೆ ಎರಡು ಉತ್ತರ ಬರೆಯಲೇಬೇಕು ಅನ್ನುವ ನಿಯಮವನ್ನು ನಾನಾದರೆ ಮೊದಲು ತೆಗೆಯುತ್ತೇನೆ. ಅಲ್ಲಿ ಬರುವುದು "ಚೆನ್ನಾಗಿ ಹೇಳಿದಿರಿ" ಅನ್ನುವ ಸಾಲುಗಳೇ ಜಾಸ್ತಿ.

ಇನ್ನೊಂದು ಮಾತು. ಮೊದಲ ವಾರವೇ ಅಂಕವಿಲ್ಲದ ಒಂದು ಸಣ್ಣ ಕೆಲಸ ಕೊಡಿ. ಎರಡು ಸಾಲು ಬರೆದು ಫೈಲ್ ಕಳಿಸಿದರೆ ಸಾಕು. ಪಾಸ್‌ವರ್ಡ್ ಮರೆತವರು ಯಾರು, ಯಾರ ಫೋನಿನಲ್ಲಿ ಫೈಲ್ ತೆರೆಯುತ್ತಿಲ್ಲ ಅನ್ನುವುದು ಆಗಲೇ ಗೊತ್ತಾಗುತ್ತದೆ. ಇಲ್ಲದಿದ್ದರೆ ಗೊತ್ತಾಗುವುದು ಅಸೈನ್‌ಮೆಂಟಿನ ಕೊನೆಯ ದಿನ, ರಾತ್ರಿ ಹನ್ನೊಂದೂವರೆಗೆ.

ನಮಸ್ಕಾರ.