ಒಂದು ಗಂಟೆ ಬಂದು ಕೂತುಕೊಳ್ಳಿ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 21, ಅಲ್ಜೈಮರ್ ದಿನ ಅಂತ ನನ್ನನ್ನೂ ಕರೆದು ನಿಲ್ಲಿಸಿದ್ದಾರೆ. ನಾನು ಡಾಕ್ಟರ್ ಅಲ್ಲ. ಡಾಕ್ಟರು ಆಗಲೇ ಮಾತಾಡಿದರು, ಸ್ಲೈಡ್ ಸಮೇತ. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಮರೆವಿನ ಕಾಯಿಲೆ ಇದೆ ಅಂದರು. ಆ ಲೆಕ್ಕದಲ್ಲಿ ನಮ್ಮ ಅಪ್ಪಯ್ಯನೂ ಒಬ್ಬರು. ಅವರನ್ನು ನೋಡಿಕೊಳ್ಳುವವರು ಆ ಲೆಕ್ಕದಲ್ಲಿಲ್ಲ. ನನ್ನ ಮಾತೆಲ್ಲ ಆ ಲೆಕ್ಕಕ್ಕೆ ಸಿಗದವರ ಬಗ್ಗೆ.

ನನಗೆ ಕೊಟ್ಟ ವಿಷಯ 'ಪ್ರಕೃತಿಯಲ್ಲಿ ಸಮಾಧಾನ'. ಓದಿದಾಗ ಸ್ವಲ್ಪ ನಗು ಬಂತು. ಶನಿವಾರ ಬಂದರೆ ಸಾಕು, ನಮ್ಮ ಚಿಕ್ಕಮಗಳೂರಿನ ಬೆಟ್ಟದ ದಾರಿಯಲ್ಲಿರುವ ಕೈಮರದ ಹತ್ತಿರ ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಹತ್ತಿ, ಗಾಳಿ ಕುಡಿದು, ಫೋಟೋ ಹೊಡೆದುಕೊಂಡು, ಸಮಾಧಾನ ತುಂಬಿಸಿಕೊಂಡು ಹೋಗುತ್ತಾರೆ. ಬೆಟ್ಟದ ಬುಡದಲ್ಲೇ ಇರುವ ನಮಗೆ ಹಿತ್ತಲಿಗೆ ಹೋಗಿ ಬರುವುದಕ್ಕೂ ಆಗುವುದಿಲ್ಲ, ಯಾಕೆಂದರೆ ನಾವು ಹಿಂದಿನ ಬಾಗಿಲಿಗೆ ಹೋದರೆ ಒಳಗಿರುವವರು ಮುಂದಿನ ಬಾಗಿಲಿಂದ ಹೊರಟಿರುತ್ತಾರೆ. ಅಲ್ವಾ?

ಅಪ್ಪಯ್ಯ ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು. ತೋಟದವರಿಗೆ ಮಳೆ ಅಂದರೆ ಇಂಚು, ಸೆಂಟ್; ನೂರು ಸೆಂಟ್ ಸೇರಿದರೆ ಒಂದು ಇಂಚು. ಮಳೆ ಬಿದ್ದ ಬೆಳಿಗ್ಗೆ 'ನಿಮ್ಮಲ್ಲಿ ಎಷ್ಟು ಸೆಂಟು?' ಅಂತ ಫೋನ್ ಬರದ ಮನೆ ಇದೆಯಾ? ಅಪ್ಪಯ್ಯ ತಿಂಡಿ ತಿಂದಿದ್ದು ಮರೆಯುತ್ತಾರೆ, ನನ್ನನ್ನು ತಮ್ಮ ಅಕ್ಕ ಅಂದುಕೊಂಡು ಮಾತಾಡಿಸುತ್ತಾರೆ, ಆದರೆ ಬೆಳಿಗ್ಗೆ ಎದ್ದ ತಕ್ಷಣ ಮಳೆಮಾಪಕದ ಹತ್ತಿರ ಹೋಗಲೇಬೇಕು. ಬೇಸಿಗೆಯಲ್ಲೂ. ಖಾಲಿ ಇದ್ದರೆ ಮುಖ ಸಣ್ಣದಾಗುತ್ತದೆ. ಅದನ್ನು ನೋಡಲಾರದೆ ತೋಟದ ಲೆಕ್ಕ ನೋಡುವ ನಮ್ಮ ರೈಟರು ಒಂದು ರಾತ್ರಿ ಗುಟ್ಟಾಗಿ ಒಂದು ಲೋಟ ನೀರು ಹುಯ್ದಿದ್ದಾರೆ. ಬೆಳಿಗ್ಗೆ ಅಪ್ಪಯ್ಯ ಗಾಜಿನ ಅಳತೆಗೆ ಬಗ್ಗಿಸಿ ನೋಡಿದರು. ಆಮೇಲೆ ನೆಲ ನೋಡಿದರು. ಚಪ್ಪಲಿ ಬಿಟ್ಟು ಪಾದದಲ್ಲಿ ಮಣ್ಣು ಕೆದಕಿದರು. ಕಾಫಿ ಎಲೆ ತಿರುಗಿಸಿ ನೋಡಿದರು, ಧೂಳು ಹಾಗೇ ಇತ್ತು. ರೈಟರ ಕಡೆ ತಿರುಗಿ, 'ಎಷ್ಟು ಸೆಂಟ್ ಹಾಕಿದೆ ಮಾರಾಯ?' ಅಂದರು! ಮಗಳನ್ನು ಮರೆತವರಿಗೆ ಮಣ್ಣು ಮರೆತಿರಲಿಲ್ಲ. ರೈಟರಿಗೆ ಆ ದಿನವಿಡೀ ಮುಖ ಎತ್ತಲಾಗಲಿಲ್ಲ, ನನಗೆ ಬಹಳ ದಿನದ ಮೇಲೆ ಹೊಟ್ಟೆ ತುಂಬ ನಗು.

ಹಾಗಂತ ಪ್ರಕೃತಿ ಮದ್ದು ಅಂತ ನಾನು ಹೇಳುವುದಿಲ್ಲ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ, ಈ ಘಮಕ್ಕೆ ಎಲ್ಲ ನೆನಪಾಗುತ್ತದೆ ಅಂತ ಅವರನ್ನು ಕರೆದುಕೊಂಡು ಹೋದೆ. ಏನೂ ಆಗಲಿಲ್ಲ. ಈ ಕಾಯಿಲೆಯಲ್ಲಿ ವಾಸನೆ ಹಿಡಿಯುವ ಶಕ್ತಿ ಮೊದಲೇ ಕುಂದುತ್ತದೆಯಂತೆ, ಡಾಕ್ಟರು ತಲೆ ಆಡಿಸುತ್ತಿದ್ದಾರೆ ನೋಡಿ. ಅಪ್ಪಯ್ಯ ಸುಮ್ನೆ ನಿಂತರು. ಘಮ ಬಂದಿದ್ದು ನನಗೆ. ಆ ಅರ್ಧ ಗಂಟೆ ನನಗೆ ಬೇಕಿತ್ತು ಅಂತ ಗೊತ್ತಾಗಿದ್ದೂ ಅಲ್ಲೇ. ಹೂವು ಯಾರಿಗಾಗಿಯೂ ಕಾಯುವುದಿಲ್ಲ, ಮೂರ್ನಾಲ್ಕು ದಿನಕ್ಕೆ ಕಂದಿ ಹೋಗುತ್ತದೆ, ಅದನ್ನು ನೋಡಿ ಯಾರೂ ಗೋಳಾಡುವುದಿಲ್ಲ. ಮನೆಯೊಳಗೆ ಇಪ್ಪತ್ನಾಲ್ಕು ಗಂಟೆಯೂ ಏನೋ ಕಳೆದುಹೋಗುವುದನ್ನೇ ನೋಡುತ್ತಾ ಕೂತವರಿಗೆ, ಕಳೆದುಕೊಳ್ಳುವುದು ಇಷ್ಟು ಸಹಜವಾಗಿ ನಡೆಯುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ದೊಡ್ಡ ವಿಷಯ.

ಆದರೆ ನಾನು ಒಬ್ಬಳೇ ಹೋಗಬೇಕಾದರೆ ಯಾರಾದರೂ ಮನೆಯಲ್ಲಿ ಕೂರಬೇಕಲ್ಲ! ನಾನು ಎಲ್ಲಿ ಮಾತಾಡಿದರೂ ಇಲ್ಲಿಗೇ ಬರುತ್ತೇನೆ, ಬೇಜಾರಾಗಬೇಡಿ. ನೆಂಟರು ಬರುತ್ತಾರೆ. ಕಿತ್ತಳೆ, ಬ್ರೆಡ್ಡು, ಹಾರ್ಲಿಕ್ಸ್ ತರುತ್ತಾರೆ. 'ನಾನು ಯಾರು ಹೇಳಿ ನೋಡೋಣ' ಅಂತ ಪರೀಕ್ಷೆ ಮಾಡುತ್ತಾರೆ. ದಯವಿಟ್ಟು ಅದೊಂದು ಬಿಡಿ, ಅವರಿಗೂ ನಾಚಿಕೆ ಆಗುತ್ತದೆ. ಆಮೇಲೆ ಹೊರಡುವಾಗ, 'ಪಾಪ, ನೀನೂ ಸ್ವಲ್ಪ ಹೊರಗೆ ಹೋಗಿ ಬಾರಮ್ಮ' ಅನ್ನುತ್ತಾರೆ. ಹೋದರೆ? 'ಅಪ್ಪನನ್ನು ಬಿಟ್ಟು ತಿರುಗುತ್ತಾಳೆ' ಅಂತ ಅವರೇ ಹೇಳುತ್ತಾರೆ. ಹಾರ್ಲಿಕ್ಸ್ ಬೇಡ. ಒಂದು ಗಂಟೆ ಬಂದು ಕೂತುಕೊಳ್ಳಿ.

ಚೀಟಿ ಬಂತು, ಐದು ನಿಮಿಷ ಅಂತೆ. ಇನ್ನೂ ನಾಲ್ಕು ವಿಷಯ ಬರೆದುಕೊಂಡಿದ್ದೆ, ಓಡಿಸುತ್ತೇನೆ. ಸಂಜೆಯಾದರೆ ಅವರು ತಮ್ಮ ಮನೆಯಲ್ಲೇ ಕೂತು 'ಮನೆಗೆ ಹೋಗೋಣ' ಅಂತ ಹಟ ಮಾಡಿದಾಗ ವಾದ ಮಾಡಬೇಡಿ. ಕಣದಲ್ಲಿ ಒಂದು ಸುತ್ತು ಹಾಕಿಸಿ ಕರೆದುಕೊಂಡು ಬನ್ನಿ. ನಮ್ಮವರು ಎಷ್ಟೋ ಸಲ, 'ಅಂತೂ ಬಂದ್ವಲ್ಲ' ಅಂತ ಸಮಾಧಾನವಾಗಿ ಕೂರುತ್ತಾರೆ. ಜೇಬಿನಲ್ಲಿ ಮನೆಯ ಫೋನ್ ನಂಬರಿನ ಚೀಟಿ ಇರಲಿ. ಆಲ್ದೂರು, ಮೂಡಿಗೆರೆ ಕಡೆಯವರು ಆನೆ ಇರುವ ದಿನ ಕತ್ತಲಾಗುವ ಮೊದಲೇ ಒಳಗೆ ಬನ್ನಿ. ಅಪ್ಪಯ್ಯನಿಗೆ ಆನೆ ನೆನಪಿರುವುದಿಲ್ಲ, ಆನೆಗೆ ದಾರಿ ಚೆನ್ನಾಗಿ ನೆನಪಿರುತ್ತದೆ. ಹಕ್ಕಿಗಳ ಬಗ್ಗೆ ಹೇಳಬೇಕೆಂದಿದ್ದೆ, ಅದು ಇನ್ನೊಂದು ಸಲ.

ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ನಿಮ್ಮ ಬೀದಿ, ವಾರದಲ್ಲಿ ಯಾವ ದಿನ ಯಾರ ಮನೆಯಲ್ಲಾದರೂ ಒಂದು ಗಂಟೆ ಕೂರಬಲ್ಲಿರಿ ಅನ್ನುವುದು, ಎರಡೂ ಬರೆಯಿರಿ. ಹಿಂದೆ ಕಾಫಿ ರೆಡಿ ಇದೆ. ಬರೆದವರಿಗೆ ಮೊದಲು ಕೊಡಿ ಅಂತ ಹೇಳಿಟ್ಟಿದ್ದೇನೆ.