ಕೀಬೋರ್ಡ್ ವಾದಕರು ಎಂದರೆ ಯಾರು?

ಸಂಗೀತಾಸಕ್ತರೇ,

ತಂಡದ ಪಟ್ಟಿಯಲ್ಲಿ ಒಬ್ಬರ ಹೆಸರಿನೆದುರು ‘ಪಿಯಾನೊ’ ಎಂದಿದ್ದರೆ ಅವರು ನುಡಿಸುವ ವಾದ್ಯ ಯಾವುದೆಂಬುದು ಸ್ಪಷ್ಟ. ‘ಕೀಬೋರ್ಡ್’ ಎಂದಿದ್ದರೆ ಪಿಯಾನೊ, ಆರ್ಗನ್, ಸಿಂಥಸೈಸರ್ ಎಲ್ಲದರ ಪಾಲೂ ಅವರ ಕೈಗೇ ಬರಬಹುದು. ಕಪ್ಪು-ಬಿಳಿ ಕೀಗಳ ಜೋಡಣೆ ಒಂದೇ. ಕೀ ಒತ್ತಿದ ಮೇಲೆ ಒಳಗೆ ನಡೆಯುವುದು ಮಾತ್ರ ಒಂದೊಂದರಲ್ಲೂ ಬೇರೆ. ಆ ವ್ಯತ್ಯಾಸಕ್ಕೆ ತಕ್ಕಂತೆ ಬೆರಳನ್ನು ಬದಲಿಸಿಕೊಳ್ಳಬಲ್ಲವರಿಗೇ ಈ ಹೆಸರು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಕೀ ಎಷ್ಟು ವೇಗವಾಗಿ ಇಳಿಯಿತು ಎಂಬುದರ ಮೇಲೆ ನಾದದ ಬಲ ನಿಂತಿದೆ. ಆಮೇಲೆ ಅದು ತಾನಾಗಿ ಕ್ಷೀಣಿಸುತ್ತದೆ. ಹಾರ್ಪ್ಸಿಕಾರ್ಡ್ ಎಂಬ ಹಳೆಯ ಕೀವಾದ್ಯ ತಂತಿಯನ್ನು ಮೀಟುತ್ತದೆ, ಜೋರಾಗಿ ಒತ್ತಿದರೂ ಧ್ವನಿ ಹೆಚ್ಚುವುದಿಲ್ಲವೆಂದೇ ಹೇಳಬೇಕು.

ಪಿಯಾನೊ ಕಲಿತವರು ಹೆಚ್ಚು ಎಡವುವುದು ಆರ್ಗನ್‌ನಲ್ಲಿ. ಅಲ್ಲಿ ಬೆರಳು ಕೀ ಮೇಲಿರುವಷ್ಟು ಹೊತ್ತೂ ನಾದ ಒಂದೇ ಮಟ್ಟದಲ್ಲಿರುತ್ತದೆ, ಎತ್ತಿದ ಕ್ಷಣ ನಿಲ್ಲುತ್ತದೆ. ಪಿಯಾನೊದಂತೆ ನಾದವನ್ನು ಹಿಡಿದಿಡುವ ಸಸ್ಟೇನ್ ಪೆಡಲ್ ನಂಬಿ ಕೈ ಎತ್ತುವ ಅಭ್ಯಾಸವಿದ್ದರೆ ಪ್ರತಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನಡುವೆ ಬಿರುಕು ಕೇಳಿಸುತ್ತದೆ. ಸಿ ಮೇಜರ್‌ನಿಂದ ಎಫ್ ಮೇಜರ್‌ಗೆ ಹೋಗುವಾಗ ಎರಡಕ್ಕೂ ಸೇರಿದ ಸಿ ಸ್ವರವನ್ನು ಬಿಡದೆ ಹಿಡಿದು, ಇ-ಜಿ ಮೇಲಿನ ಬೆರಳುಗಳನ್ನಷ್ಟೇ ಎಫ್-ಎಗೆ ಸರಿಸಬೇಕು. ದೂರದ ಸ್ವರಕ್ಕೆ ಬೆರಳು ಸಾಲದಿದ್ದರೆ, ಒತ್ತಿದ ಕೀಯ ಮೇಲೆಯೇ ಸದ್ದಿಲ್ಲದೆ ಬೆರಳು ಬದಲಿಸಬೇಕು. ಧ್ವನಿಯ ಏರಿಳಿತದ ಕೆಲಸ ಕಾಲಡಿಯ ಬೇರೆ ಪೆಡಲಿನದು. ಆದರೆ ಹ್ಯಾಮಂಡ್ ಬಿ-3 ಆರ್ಗನ್‌ನ ಪರ್ಕಷನ್ ಎಂಬ ಪರಿಣಾಮ ಬೇಕಿದ್ದರೆ ಹೀಗೆ ಬೆರಳು ಬಿಡದೆ ಹಿಡಿಯುವ ಅಭ್ಯಾಸವೇ ಅಡ್ಡ ಬರುತ್ತದೆ: ಆ ಟಕ್ಕೆನ್ನುವ ಆರಂಭ ಮತ್ತೆ ಬರಬೇಕಾದರೆ ಎಲ್ಲ ಬೆರಳುಗಳೂ ಒಮ್ಮೆ ಮೇಲೇಳಬೇಕು.

ಎಲೆಕ್ಟ್ರಾನಿಕ್ ಕೀಬೋರ್ಡ್‌ನಲ್ಲಿ ಕೀ ಬರೀ ಸ್ವಿಚ್ಚು. ಸಾಮಾನ್ಯವಾಗಿ ಅದರಡಿ ಎರಡು ಸಂಪರ್ಕಗಳಿರುತ್ತವೆ; ಎರಡೂ ಮುಚ್ಚುವ ನಡುವಿನ ಸಮಯವನ್ನು ಅಳೆದು ವೆಲಾಸಿಟಿ (ಕೀ ಇಳಿದ ವೇಗ) ಲೆಕ್ಕ ಹಾಕುತ್ತಾರೆ. ವಾದ್ಯ, ಕಂಪ್ಯೂಟರ್‌ಗಳ ನಡುವೆ ಸಂಕೇತ ಸಾಗಿಸಲು 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಅದಕ್ಕೆ 1ರಿಂದ 127ರವರೆಗಿನ ಅಂಕಿ. ಸಾಧಾರಣ ಒತ್ತಿಗೇ 127 ಮುಟ್ಟುತ್ತಿದ್ದರೆ ಟಚ್ ಸೆಟ್ಟಿಂಗನ್ನು ‘ಹೆವಿ’ಗೆ ಬದಲಿಸಿ.

ಸಸ್ಟೇನ್ ಪೆಡಲ್ ತಲೆಕೆಳಗಾಗಿ ಕೆಲಸ ಮಾಡಿತೇ? ಅನೇಕ ಕೀಬೋರ್ಡ್‌ಗಳು ಆನ್ ಆಗುವಾಗಲೇ ಪೆಡಲಿನ ಸ್ಥಿತಿಯನ್ನು ಓದಿಕೊಳ್ಳುತ್ತವೆ. ಆಫ್ ಮಾಡಿ, ಪೆಡಲ್ ಸಿಕ್ಕಿಸಿ, ಕಾಲು ತೆಗೆದು ಆನ್ ಮಾಡಿ. ಪೆಡಲ್ ಒತ್ತಿಯೇ ಇದ್ದಾಗ ಹಳೆಯ ಸ್ವರಗಳು ಕಡಿದುಹೋಗುತ್ತಿದ್ದರೆ ಪಾಲಿಫೋನಿ (ಒಮ್ಮೆಗೇ ನುಡಿಯಬಲ್ಲ ಧ್ವನಿಗಳ ಮಿತಿ) ಮುಗಿದಿದೆ ಎಂದರ್ಥ: ಎರಡು ಧ್ವನಿ ಬೆರೆಸಿದಾಗ ಒಂದು ಕೀ ಕನಿಷ್ಠ ಎರಡು ಧ್ವನಿಮಾರ್ಗ ತಿನ್ನುತ್ತದೆ.

ತಂಡದಲ್ಲಿ ಬಾಸ್ ಗಿಟಾರ್ ಇದ್ದರೆ ಎಡಗೈಯ ಕೆಳಗಿನ ಆಕ್ಟೇವ್‌ಗಳನ್ನು ಅದಕ್ಕೇ ಬಿಟ್ಟುಕೊಡಿ. ಇಬ್ಬರೂ ಅಲ್ಲೇ ನುಡಿಸಿದರೆ ಸ್ವರಗಳು ಬಿಡಿಬಿಡಿಯಾಗಿ ಕೇಳಿಸದೆ ಕಲಸಿಹೋಗುತ್ತವೆ. ಸಿ ಸೆವೆಂತ್ ಕಾರ್ಡ್‌ಗೆ ಮಧ್ಯದ ಸಿ ಹತ್ತಿರ ಇ ಮತ್ತು ಬಿ ಫ್ಲಾಟ್ ಸಾಕು, ಮೂಲಸ್ವರ ಬಾಸ್‌ನವರದು.

ಕಂಪ್ಯೂಟರಿಗೆ ಜೋಡಿಸಿದಾಗ ಪ್ರತಿ ಸ್ವರವೂ ಜೋಡಿಯಾಗಿ, ಟೊಳ್ಳಾಗಿ ಕೇಳಿಸಿದರೆ ಒಂದೇ ಕೀ ಎರಡು ದಾರಿಯಲ್ಲಿ ಧ್ವನಿ ಎಬ್ಬಿಸುತ್ತಿರಬಹುದು: ನೇರವಾಗಿ ಒಮ್ಮೆ, ಕಂಪ್ಯೂಟರಿನಿಂದ ಮರಳಿ ಇನ್ನೊಮ್ಮೆ. ಕೀಗಳನ್ನು ಕೀಬೋರ್ಡಿನದೇ ಧ್ವನಿಗೆ ಜೋಡಿಸುವ ‘ಲೋಕಲ್ ಕಂಟ್ರೋಲ್’ ಆಫ್ ಮಾಡಿ. ಕಂಪ್ಯೂಟರ್ ಬಿಡಿಸಿದ ಮೇಲೆ ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ. ಇಲ್ಲವಾದರೆ ವೇದಿಕೆಯಲ್ಲಿ ಕೀ ಒತ್ತಿದರೂ ಸದ್ದೇ ಬರುವುದಿಲ್ಲ.